ಖರ್ಚಾಗದ ಗೊಂಬೆ

ಅಂಗಡಿಯವರು ಆಡುವ ಮಾತುಗಳಲ್ಲಿ ಗಿರಾಕಿಯ ಬಾಯನ್ನು ಥಟ್ಟನೆ ಮುಚ್ಚಿಸುವ ಮಾತೊಂದಿದೆ: ‘ಅದು ಖರ್ಚಾಗೋದಿಲ್ಲಮ್ಮಾ, ಅದಕ್ಕೇ ತರಿಸೋದಿಲ್ಲ.’ ಬೆಲೆ ಹೆಚ್ಚೆಂದರೆ ಚೌಕಾಸಿ ಮಾಡಬಹುದು, ಗುಣ ಸಾಲದೆಂದರೆ ವಾದಿಸಬಹುದು. ಖರ್ಚಾಗುವುದಿಲ್ಲ ಎಂದಮೇಲೆ ಮುಗಿಯಿತು. ಈ ವರ್ಷ ಮಳೆಯಾಗಲಿಲ್ಲ ಎನ್ನುವಷ್ಟೇ ಸಹಜವಾಗಿ, ಯಾರ ತಪ್ಪೂ ಅಲ್ಲವೆಂಬಂತೆ ಆ ಮಾತು ಬರುತ್ತದೆ. ಅದು ಎಷ್ಟರಮಟ್ಟಿಗೆ ಸತ್ಯ, ಸತ್ಯವೇ ಆಗಿದ್ದರೆ ಅದನ್ನು ಸತ್ಯ ಮಾಡಿದವರು ಯಾರು ಎಂದು ನಾನು ಸ್ವಲ್ಪ ಹೆಚ್ಚೇ ಯೋಚಿಸುವಂತಾದದ್ದು, ನಗಬೇಡಿ, ಗೇಣುದ್ದಕ್ಕೂ ಕಡಿಮೆಯ ಪ್ಲಾಸ್ಟಿಕ್ ಗೊಂಬೆಗಳಿಂದ.

ನನ್ನ ತಮ್ಮನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಮೂವತ್ತು ದಾಟಿದವನು, ಕಂಪ್ಯೂಟರ್ ಕೆಲಸ, ಮನೆಯ ಒಂದು ಗೋಡೆಯ ತುಂಬ ಸೂಪರ್‌ಹೀರೋ ಗೊಂಬೆಗಳು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ಇವರನ್ನು ನಾನೂ ಬಲ್ಲೆ; ಉಳಿದ ಇನ್ನೂರು ಮಂದಿಯನ್ನು ಅವನೇ ಪರಿಚಯ ಮಾಡಿಸಬೇಕಾಯಿತು. ಬೇಸಿಗೆ ರಜೆಗೆ ಹೋಗಿದ್ದಾಗ ಅವನ ಗೆಳೆಯರು ಶನಿವಾರಗಳಂದು ಬಂದು ಕೂರುತ್ತಿದ್ದರು. ಅವರ ಮಾತು ಗೊಂಬೆಯ ಚೆಂದದ ಬಗ್ಗೆ ಇದ್ದದ್ದು ಕಡಿಮೆ. ಈ ಸಲ ಯಾರನ್ನು ಬಿಡುಗಡೆ ಮಾಡಿದರು, ಯಾರನ್ನು ಕೈಬಿಟ್ಟರು, ಅದೇ ಬ್ಯಾಟ್‌ಮ್ಯಾನನ್ನು ಬಣ್ಣ ಬದಲಿಸಿ ಎಷ್ಟನೇ ಸಲ ಮಾರುತ್ತಾರೆ, ಯಾವ ಗೊಂಬೆ ಪೆಟ್ಟಿಗೆಗೆ ಒಂದೇ ಒಂದು ಬಂತು, ಇದೇ ಚರ್ಚೆ. ನಮ್ಮ ಸ್ಟಾಫ್ ರೂಮಿನಲ್ಲಿ ವರ್ಗಾವಣೆಯ ಪಟ್ಟಿ ಬಂದಾಗ ನಡೆಯುವ ಮಾತಿನ ಕಾವೇ ಅಲ್ಲಿಯೂ ಇತ್ತು.

ನಾನು ಅವನ್ನು ಗೊಂಬೆ ಎಂದಾಗಲೆಲ್ಲ ಹುಡುಗ ತಿದ್ದುತ್ತಿದ್ದ: ‘ಡಾಲ್ ಅಲ್ಲ ಅತ್ತೆ, ಆಕ್ಷನ್ ಫಿಗರ್.’ ನಮ್ಮ ಗೊಂಬೆ ಎಂಬ ಮಾತಿಗೆ ಆ ಭೇದವಿಲ್ಲ. ರಾಜನೂ ಗೊಂಬೆ, ರಾಣಿಯೂ ಗೊಂಬೆ, ದಸರೆಯ ಮೆಟ್ಟಿಲಿನ ಮೇಲೆ ತಕ್ಕಡಿ ಹಿಡಿದ ಶೆಟ್ಟರೂ ಗೊಂಬೆ. ಅಮೆರಿಕದಲ್ಲಿ ಈ ಭೇದ ಹುಟ್ಟಿದ್ದೇ ಮಾರಾಟಕ್ಕಾಗಿ. 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸಿಪಾಯಿಯನ್ನು ಹೊರತಂದಾಗ, ಡಾಲ್ ಎಂದರೆ ಗಂಡುಮಕ್ಕಳು ಮುಟ್ಟುವುದಿಲ್ಲವೆಂದು ಈ ಹೊಸ ಹೆಸರನ್ನು ಕಟ್ಟಿದರು. ಮುಂದೆ ಇದೇ ಭೇದ ಕೋರ್ಟಿಗೂ ಹೋಯಿತು. ಅಲ್ಲಿನ ಆಮದು ಸುಂಕದಲ್ಲಿ ಮನುಷ್ಯರೂಪದ ಡಾಲ್‌ಗೆ ಒಂದು ದರ, ಬೇರೆ ಆಟಿಕೆಗೆ ಅದಕ್ಕಿಂತ ಕಡಿಮೆ ದರ ಇತ್ತು. ಟಾಯ್ ಬಿಜ್ ಎಂಬ ಕಂಪನಿ ತನ್ನ ಎಕ್ಸ್-ಮೆನ್ ವೀರರು ಮನುಷ್ಯರೇ ಅಲ್ಲ ಎಂದು ವಾದಿಸಿ 2003ರಲ್ಲಿ ಗೆದ್ದಿತು. ‘ನಾವೂ ನಿಮ್ಮಂತೆಯೇ ಮನುಷ್ಯರು’ ಎಂಬುದೇ ಆ ಕಥೆಗಳ ತಿರುಳು ಎನ್ನುತ್ತಾರೆ ಓದಿದವರು. ಸುಂಕದ ಮುಂದೆ ತಿರುಳು ಎಷ್ಟರದು!

ಇರಲಿ, ಖರ್ಚಾಗದ ವಿಷಯಕ್ಕೆ ಬರುತ್ತೇನೆ. ಹುಡುಗನ ಸಂಗ್ರಹದಲ್ಲಿ ಎಲ್ಲಕ್ಕಿಂತ ಹಳೆಯದು 1984ರಿಂದ 1986ರವರೆಗೆ ಕೆನ್ನರ್ ಕಂಪನಿ ಮಾಡಿದ ಸೂಪರ್ ಪವರ್ಸ್ ಸಾಲು. ಒಳ್ಳೆಯ ಕೈಕೆಲಸ. ಕಾಲು ಒತ್ತಿದರೆ ಸೂಪರ್‌ಮ್ಯಾನ್ ಗುದ್ದುತ್ತಾನೆ. ಮೂರು ವರ್ಷಗಳಲ್ಲಿ ಅಂಗಡಿಗೆ ಬಂದವು 33 ಗೊಂಬೆ. ಅವುಗಳಲ್ಲಿ ಹೆಂಗಸು ಒಬ್ಬಳೇ, ವಂಡರ್ ವುಮನ್. ಅದೇ 1984ರಲ್ಲಿ ಮ್ಯಾಟೆಲ್ ಕಂಪನಿ ಸೀಕ್ರೆಟ್ ವಾರ್ಸ್ ಎಂಬ ಇನ್ನೊಂದು ಸಾಲನ್ನು ಹೊರತಂದಿತು. ಅದರಲ್ಲಿ ಆ ಒಬ್ಬಳೂ ಇಲ್ಲ. ಅದರ ಹೆಸರಿನ ಕಥೆ ಕೇಳಿ. ‘ಸೀಕ್ರೆಟ್’ ಮತ್ತು ‘ವಾರ್ಸ್’ ಎಂಬ ಮಾತು ಕೇಳಿದರೆ ಹುಡುಗರ ಕಿವಿ ನಿಮಿರುತ್ತದೆಂದು ಕಂಪನಿಯ ಪರೀಕ್ಷೆಯಲ್ಲಿ ತಿಳಿಯಿತಂತೆ. ಆ ಹೆಸರಿಗೆ ಹೊಂದುವಂತೆ ಹನ್ನೆರಡು ಸಂಚಿಕೆಗಳ ಕಥೆಯನ್ನು ಬರೆಸಿದರು. ಬರೆದವರು ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕರಾಗಿದ್ದ ಜಿಮ್ ಶೂಟರ್. ಈ ಸಂಗತಿಯನ್ನು ಹೇಳಿಕೊಂಡವರೂ ಅವರೇ. ಕಥೆಗೆ ಗೊಂಬೆಯಲ್ಲ, ಗೊಂಬೆಗೆ ಕಥೆ.

ಹೆಂಗಸರೇಕಿಲ್ಲ ಎಂದು ಕೇಳಿದೆ. ಅಷ್ಟೂ ಜನ ಒಂದೇ ಉಸಿರಿಗೆ ಹೇಳಿದರು: ‘ಖರ್ಚಾಗುವುದಿಲ್ಲ.’ ಸಾವಿರಾರು ಮೈಲಿ ದಾಟಿ ಹೋದರೂ ಅದೇ ಮಾತು.

ಅವರ ವಾದವನ್ನು ಅನ್ಯಾಯವಾಗಿ ತಳ್ಳಿಹಾಕಬಾರದು, ಅದರಲ್ಲಿ ಲೆಕ್ಕವಿದೆ. ಪ್ಲಾಸ್ಟಿಕ್ ಕರಗಿಸಿ ಎರೆಯಲು ಉಕ್ಕಿನ ಅಚ್ಚು ಬೇಕು, ಗೊಂಬೆ ಮಾಡುವುದರಲ್ಲಿ ದೊಡ್ಡ ಖರ್ಚೇ ಅದು. ಒಂದು ಅಚ್ಚಿನಿಂದ ಸಾವಿರಗಟ್ಟಲೆ ಗೊಂಬೆ ತೆಗೆದರೆ ಮಾತ್ರ ಹಾಕಿದ ದುಡ್ಡು ಹೊರಡುತ್ತದೆ. ಹಾಗಾಗಿ ಒಂದು ಗಂಡಾಳಿನ ಮೈಯ ಅಚ್ಚು ಮಾಡಿಟ್ಟುಕೊಂಡು, ತಲೆ ಬದಲಿಸಿ, ಬಣ್ಣ ಬದಲಿಸಿ, ಅದರಲ್ಲೇ ಹತ್ತು ವೀರರನ್ನು ಹೊರಡಿಸುತ್ತಾರೆ. ನಮ್ಮ ನಾಟಕದ ಕಂಪನಿಗಳು ಒಂದೇ ಪರದೆಯ ಮುಂದೆ ಅಯೋಧ್ಯೆಯನ್ನೂ ಹಸ್ತಿನಾವತಿಯನ್ನೂ ತೋರಿಸುತ್ತಿದ್ದ ಹಾಗೆ. ಹೆಣ್ಣಿನ ಮೈಗೆ ಬೇರೆ ಅಚ್ಚು ಬೇಕು. ಅದರಿಂದ ಹೊರಡುವ ಪಾತ್ರ ಒಂದೋ ಎರಡೋ ಆದರೆ ಖರ್ಚು ಮೈಮೇಲೆ ಬರುತ್ತದೆ. ಇದು ಸುಳ್ಳಲ್ಲ. ಆದರೆ ಪಾತ್ರಗಳು ಒಂದೆರಡೇ ಇರಲಿ ಎಂದು ಮೊದಲು ತೀರ್ಮಾನಿಸಿದವರೂ ಅವರೇ ಅಲ್ಲವೆ? ಮೊದಲ ತೀರ್ಮಾನ ಎರಡನೆಯದಕ್ಕೆ ಕಾರಣವಾಯಿತು, ಎರಡನೆಯದು ಮೊದಲನೆಯದಕ್ಕೆ ಸಾಕ್ಷಿಯಾಯಿತು.

ಇನ್ನು ಪೆಟ್ಟಿಗೆಯ ಸಂಗತಿ. ಅಂಗಡಿಯವರು ತಮಗೆ ಬೇಕಾದ ಗೊಂಬೆಯನ್ನು ಆರಿಸಿ ತರಿಸುವುದಿಲ್ಲ. ಇಡೀ ಪೆಟ್ಟಿಗೆ ಕೊಳ್ಳುತ್ತಾರೆ. ಯಾವುದು ಎಷ್ಟು ಇರಬೇಕೆಂದು ಮೊದಲೇ ಗೊತ್ತು ಮಾಡಿರುತ್ತಾರೆ, ಹೆಸರಾಂತವರು ಎರಡು ಮೂರು, ಉಳಿದವರು ಒಂದೊಂದು. ಆ ಒಂದೊಂದರಲ್ಲಿ ಹೆಣ್ಣು ಗೊಂಬೆ ಇರುವುದು ಬಹುಕಾಲ ವಾಡಿಕೆಯಾಗಿತ್ತು. ಮಾರಾಟವಾಗದೆ ಅಂಗಡಿಯ ಕೊಕ್ಕೆಯಲ್ಲೇ ತೂಗುವ ಗೊಂಬೆಗೆ ಇವರು ‘ಪೆಗ್ ವಾರ್ಮರ್’ ಎನ್ನುತ್ತಾರೆ, ಕೊಕ್ಕೆಯನ್ನು ಬೆಚ್ಚಗಿಡುವವನು ಎಂದು. ಅವನು ಜಾಗ ಬಿಡುವ ತನಕ ಹೊಸ ಪೆಟ್ಟಿಗೆ ಬರುವುದಿಲ್ಲ.

ಮಕ್ಕಳಿಗೆ ಶೇಕಡಾವಾರು ಕಲಿಸುವ ನನಗೆ ಇಲ್ಲಿ ಒಂದು ಲೆಕ್ಕ ಕಂಡಿತು. ಅಂಗಡಿಗೆ ಆರು ಬ್ಯಾಟ್‌ಮ್ಯಾನ್, ಒಂದು ವಂಡರ್ ವುಮನ್ ಬಂದವೆನ್ನಿ. ಬೆಳಗಾಗುತ್ತಲೇ ಬಂದ ಸಂಗ್ರಹಕಾರ ಅವಳನ್ನು ಎತ್ತಿಕೊಂಡು ಹೋದ. ವಾರ ಕಳೆಯುವುದರಲ್ಲಿ ಬ್ಯಾಟ್‌ಮ್ಯಾನ್ ಐದು ಹೋದವು, ಒಂದು ಉಳಿಯಿತು. ಮಧ್ಯಾಹ್ನ ತಾಯಿಯ ಕೈಹಿಡಿದು ಬಂದ ಹುಡುಗಿ ಬರಿಗೈಯಲ್ಲಿ ಹೋದಳು. ಅವಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ವರ್ಷದ ಕೊನೆಗೆ ಕೂಡಿದಾಗ ಬ್ಯಾಟ್‌ಮ್ಯಾನ್ ಐದು, ವಂಡರ್ ವುಮನ್ ಒಂದು. ಆದ್ದರಿಂದ ಅವನು ಐದು ಪಟ್ಟು ಜನಪ್ರಿಯ! ತಂದದ್ದರಲ್ಲಿ ಎಷ್ಟು ಹೋಯಿತು ಎಂದು ಕೇಳಿದ್ದರೆ ಉತ್ತರ ತಿರುಗಾಮುರುಗಾ ಆಗುತ್ತಿತ್ತು. ನನ್ನ ಏಳನೇ ತರಗತಿಯವರು ಹೀಗೆ ಲೆಕ್ಕ ಮಾಡಿದರೆ ಅಂಕ ಕಳೆಯುತ್ತೇನೆ.

ಹವಾಮಾನದವರು ನಾಳೆ ಮಳೆಯಿಲ್ಲ ಎನ್ನುತ್ತಾರೆ. ಅದು ಮೋಡದ ಕಿವಿಗೆ ಬೀಳುವುದಿಲ್ಲ, ಬರಬೇಕಾದ ಮಳೆ ಬಂದೇ ಬರುತ್ತದೆ. ‘ಇದು ಖರ್ಚಾಗುವುದಿಲ್ಲ’ ಎಂಬ ಭವಿಷ್ಯ ಹಾಗಲ್ಲ. ಅದನ್ನು ನುಡಿದವರ ಕೈಯಲ್ಲೇ ಅಚ್ಚೂ ಇದೆ, ಪೆಟ್ಟಿಗೆಯೂ ಇದೆ. ನುಡಿದು, ನುಡಿದಂತೆ ಮಾಡಿ, ಆಮೇಲೆ ‘ನೋಡಿ, ನಾವು ಹೇಳಿರಲಿಲ್ಲವೆ’ ಎನ್ನುತ್ತಾರೆ. ಇಂಥ ಮಾತನ್ನು ಸುಳ್ಳೆನ್ನಲು ಬಾರದು, ಏಕೆಂದರೆ ಅಂಕಿ ಅಂಶ ಅವರ ಪರವಾಗಿಯೇ ಇರುತ್ತದೆ. ಸತ್ಯವೆನ್ನಲೂ ನನಗೆ ಮನಸ್ಸು ಬಾರದು. ಆಣೆಯಿಟ್ಟು ಹೇಳಬೇಕಾದ ಸಾಕ್ಷಿಯನ್ನು ತಾವೇ ಸಾಕಿಕೊಂಡವರ ಮಾತು ಅದು.

ಗೊಂಬೆಯ ಮೇಲೆ ಇಷ್ಟೇಕೆ ಸಿಟ್ಟು ಎಂದು ನೀವು ಕೇಳಬಹುದು. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಹುಡುಗಿಯರ ಕಬಡ್ಡಿ ತಂಡ ಇರಲಿಲ್ಲ. ‘ಹೆಣ್ಣುಮಕ್ಕಳು ಬರೋದೇ ಇಲ್ಲ ಮೇಡಂ, ಎರಡು ವರ್ಷ ನೋಡಿದೆವು’ ಎಂದು ಹಾಜರಿ ಪುಸ್ತಕ ತೋರಿಸಿದರು. ಪುಸ್ತಕ ನಿಜವೇ. ಅಭ್ಯಾಸ ಶುರುವಾಗುತ್ತಿದ್ದದ್ದು ಐದಕ್ಕೆ, ಹಳ್ಳಿಗಳ ಕಡೆಯ ಬಸ್ಸು ಹೊರಡುತ್ತಿದ್ದದ್ದು ಐದೂಕಾಲಿಗೆ. ಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಬಸ್ಸಿನ ವೇಳೆಯನ್ನು ಹಾಜರಿ ಪುಸ್ತಕದಲ್ಲಿ ಬರೆಯುವ ಕಾಲಮ್ಮು ಇಲ್ಲವಷ್ಟೆ.

ಈ ಮಾತು ಗೊಂಬೆಯಂಗಡಿಯೊಳಗೇ ಉಳಿದಿದ್ದರೂ ಒಂದು ಮಾತಾಗಿತ್ತು. ‘ಐರನ್ ಮ್ಯಾನ್ 3’ ಎಂಬ ಚಿತ್ರ 2013ರಲ್ಲಿ ಬಂತು. ಅದರ ಖಳ ಪಾತ್ರವನ್ನು ಮೊದಲು ಹೆಣ್ಣಾಗಿ ಬರೆದಿದ್ದೆವು, ಹೆಣ್ಣು ಖಳನ ಗೊಂಬೆ ಮಾರಾಟವಾಗದೆಂದು ಮೇಲಿನಿಂದ ಸೂಚನೆ ಬಂದು ಗಂಡಾಗಿ ಬದಲಿಸಿದೆವು ಎಂದು ನಿರ್ದೇಶಕ ಶೇನ್ ಬ್ಲ್ಯಾಕ್ 2016ರಲ್ಲಿ ಹೇಳಿದರು. ಇನ್ನೂ ಅಚ್ಚಿಗೇ ಹೋಗದ ಗೊಂಬೆಯೊಂದು ಖರ್ಚಾಗದೆಂದು ಕಥೆಯನ್ನೇ ತಿದ್ದಿದರು! ಎರಡು ವರ್ಷದ ನಂತರ, 2015ರ ‘ಅವೆಂಜರ್ಸ್’ ಚಿತ್ರದಲ್ಲಿ ಬ್ಲ್ಯಾಕ್ ವಿಡೋ ಎಂಬಾಕೆ ವಿಮಾನದಿಂದ ಮೋಟಾರ್ ಸೈಕಲ್ಲಿನ ಸಮೇತ ಕೆಳಕ್ಕೆ ಧುಮುಕುತ್ತಾಳೆ. ಅದರ ಆಟಿಕೆ ಬಂದಾಗ ಆ ಗಾಡಿಯ ಮೇಲೆ ಕ್ಯಾಪ್ಟನ್ ಅಮೆರಿಕಾನನ್ನು ಕೂರಿಸಿದ್ದರು. ಧುಮುಕಿದವಳು ಒಬ್ಬಳು, ಪೆಟ್ಟಿಗೆಯಲ್ಲಿ ಕೂತವನು ಇನ್ನೊಬ್ಬ. ಆಗ ತಂದೆತಾಯಿಗಳೂ ಅಭಿಮಾನಿಗಳೂ ಆಕ್ಷೇಪಿಸಿದರು. ಅದೇ ಚಿತ್ರದ ನಟ ಮಾರ್ಕ್ ರಫಲೋ ಕೂಡ, ತನ್ನ ಹೆಣ್ಣುಮಕ್ಕಳಿಗೂ ಸೋದರ ಸೊಸೆಯರಿಗೂ ಬ್ಲ್ಯಾಕ್ ವಿಡೋ ಆಟಿಕೆಗಳು ಬೇಕೆಂದು ಬಹಿರಂಗವಾಗಿ ಕೇಳಿದ. 2017ರಲ್ಲಿ ವಂಡರ್ ವುಮನ್ ಚಿತ್ರ ಲೋಕದಾದ್ಯಂತ 80 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತು. ಈಗ ಹೆಣ್ಣು ಗೊಂಬೆಗಳು ಮೊದಲಿಗಿಂತ ಎಷ್ಟೋ ಹೆಚ್ಚು ಬರುತ್ತಿವೆ. ಅವುಗಳಲ್ಲೂ ಕೊಕ್ಕೆ ಬೆಚ್ಚಗಿಡುವವರು ಇದ್ದಾರೆ. ಇರಲಿ ಬಿಡಿ, ಗಂಡು ಗೊಂಬೆಗಳಿಗೆ ನಲವತ್ತು ವರ್ಷದಿಂದ ಇರುವ ಸ್ವಾತಂತ್ರ್ಯ ಇವರಿಗೂ ಇರಲಿ.

ಎಲ್ಲವನ್ನೂ ಕಂಪನಿಯ ತಲೆಗೇ ಕಟ್ಟುವುದೂ ಸರಿಯಲ್ಲ ಎನ್ನಿಸಿತು. ಸಂಗ್ರಹಕಾರರಲ್ಲೂ ಬಗೆಬಗೆಯವರು. ಒಂದೇ ಒಂದು ಬಂದ ಗೊಂಬೆಯನ್ನು ನಸುಕಿನಲ್ಲೇ ಹೊತ್ತೊಯ್ದು ಮೂರು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಇಂಥವರನ್ನು ಉಳಿದವರು ಬೈಯುತ್ತಾರೆ, ಬೈದು ಅವರಲ್ಲೇ ಕೊಳ್ಳುತ್ತಾರೆ. ಇಷ್ಟವಿಲ್ಲದ್ದನ್ನೂ ಸಾಲು ನಿಂತುಹೋಗದಿರಲೆಂದು ಕೊಳ್ಳುವವರೂ ಇದ್ದಾರೆ. ಅದು ಕರ್ತವ್ಯವೇ ಎಂಬುದರ ಮೇಲೆ ಒಂದು ಶನಿವಾರ ಪೂರ್ತಿ ಜಗಳವಾಯಿತು. ‘ನನಗೆ ಬೇಡದ್ದನ್ನು ನಾನೇಕೆ ಕೊಳ್ಳಲಿ’ ಎಂದ ಒಬ್ಬ. ‘ನಿನಗೆ ಬೇಕಾದವನು ಮುಂದಿನ ವರ್ಷ ಬರಬೇಕಾದರೆ ಇವನು ಈ ವರ್ಷ ಹೋಗಬೇಕು’ ಎಂದ ಇನ್ನೊಬ್ಬ. ನಾನು ಎರಡನೆಯವನ ಪಕ್ಷ, ಅರ್ಧ ಮಾತ್ರ. ನಾಲ್ಕು ಮಂದಿ ಓದಲೆಂದು ಚಂದಾ ಕಟ್ಟಿ ಪತ್ರಿಕೆ ಉಳಿಸಿಕೊಂಡವರ ಪೈಕಿ ನಾವು. ಆದರೆ ಋಣಭಾವವನ್ನು ಕಂಪನಿಯೇ ಹೂಡಿಕೆ ಮಾಡಿಕೊಂಡರೆ? ಟಾಯ್ ಬಿಜ್ ಕಂಪನಿ 2005ರಲ್ಲಿ ಗೆಲಾಕ್ಟಸ್ ಎಂಬ ದೈತ್ಯನನ್ನು ತುಂಡು ತುಂಡಾಗಿ ಬೇರೆ ಬೇರೆ ಗೊಂಬೆಗಳ ಜೊತೆ ಹಂಚಿತು. ಒಂದರಲ್ಲಿ ತೋಳು, ಇನ್ನೊಂದರಲ್ಲಿ ಕಾಲು. ದೈತ್ಯ ಬೇಕಾದವನು ಎಲ್ಲವನ್ನೂ ಕೊಳ್ಳಬೇಕು. ಆ ಪದ್ಧತಿ ನೆಲೆನಿಂತಿತು. ಯಾರಿಗೂ ಬೇಡದವನು ತೋಳಿನ ದೆಸೆಯಿಂದ ಖರ್ಚಾಗುತ್ತಾನೆ. ಅಂದಮೇಲೆ, ಖರ್ಚಾಗುವಂತೆ ಮಾಡುವುದು ಇವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ!

ಈಚೆಗೆ ಹ್ಯಾಸ್‌ಬ್ರೋದವರು ಹ್ಯಾಸ್‌ಲ್ಯಾಬ್ ಎಂಬ ಹೆಸರಿನಲ್ಲಿ ದೊಡ್ಡ ಗೊಂಬೆಗಳಿಗೆ ಬೇರೊಂದು ದಾರಿ ಹಿಡಿದಿದ್ದಾರೆ. ಮೊದಲೇ ಸಂಖ್ಯೆ ಸಾರುತ್ತಾರೆ, ಇಷ್ಟು ಜನ ಒಪ್ಪಿದರೆ ಮಾಡುತ್ತೇವೆ, ಇಲ್ಲವಾದರೆ ಇಲ್ಲ. 2020ರಲ್ಲಿ ಸೆಂಟಿನೆಲ್ ಎಂಬ ಯಂತ್ರಮಾನವನಿಗೆ 6,000 ಜನ ಬೇಕಿತ್ತು, 20,000ಕ್ಕೂ ಹೆಚ್ಚು ಬಂದರು. 2022ರಲ್ಲಿ ಗೋಸ್ಟ್ ರೈಡರ್ ಎಂಬವನ ಕಾರಿಗೆ 9,000 ಬೇಕಿತ್ತು, ಸೇರಲಿಲ್ಲ, ಮಾಡಲಿಲ್ಲ. ಗುಟ್ಟಿಲ್ಲ, ಎಷ್ಟು ಕಡಿಮೆ ಬಿತ್ತೆಂದು ಕೇಳಿದವರಿಗೂ ಮಾರುವವರಿಗೂ ಒಟ್ಟಿಗೇ ಗೊತ್ತು. ಪೆಟ್ಟಿಗೆಯ ಲೆಕ್ಕಕ್ಕಿಂತ ಇದು ಮರ್ಯಾದಸ್ಥ ಲೆಕ್ಕ ಎಂದು ನಾನು ಹುಡುಗನಿಗೆ ಹೇಳಿದೆ. ಅವನು ಒಪ್ಪಿದ. ಅವನ ಗೆಳೆಯರಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಒಪ್ಪಲಿಲ್ಲ. ಸೆಂಟಿನೆಲ್‌ನ ಬೆಲೆ ಸುಮಾರು 350 ಡಾಲರ್, ಅವಳ ಮಗಳಿಗೆ ಎಂಟು ವರ್ಷ. ಕೈಯಲ್ಲಿರುವುದು ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಇಪ್ಪತ್ತು. ಈ ಎಣಿಕೆಯಲ್ಲಿ ಆ ಮಗುವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ ಎಂದು ಅವಳು ಕೇಳಿದಳು. ಇದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.