ಎಳ್ಳು ಬೀರುವ ಕೈ

ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಲು ಕೂತಾಗಲೆಲ್ಲ ನನಗೆ ಒಂದು ಮಗುವಿನ ಮಾತು ನೆನಪಾಗುತ್ತದೆ. ಅದು ಬೈಗುಳವಲ್ಲ. ಆದರೆ ಬೈಗುಳಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿದಿದೆ.

1994ರಲ್ಲಿ ನಾನು ನಮ್ಮೂರಿನ ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದೆ. ಮೂವತ್ತು ಮಕ್ಕಳು, ಒಂದೇ ಕೋಣೆ, ಜೊತೆಗೊಬ್ಬ ಆಯಾ. ಮಳೆಗಾಲದಲ್ಲಿ ಕಾಗದದ ದೋಣಿ, ಗೌರಿ ಹಬ್ಬಕ್ಕೆ ಜೇಡಿಮಣ್ಣು, ಸಂಕ್ರಾಂತಿಗೆ ಎಳ್ಳುಬೆಲ್ಲ ಹೀಗೆ ಕಾಲಕ್ಕೆ ತಕ್ಕಂತೆ ಏನಾದರೂ ಮಾಡಿಸುತ್ತಿದ್ದೆವು. ಆ ವರ್ಷ ಕೈಕಾಲು ಸ್ವಾಧೀನದಲ್ಲಿಲ್ಲದ ನಾಲ್ಕು ವರ್ಷದ ಹುಡುಗಿಯೊಬ್ಬಳು ಸೇರಿದ್ದಳು. ಮಾತು ನಿಧಾನ, ಬುದ್ಧಿ ಚುರುಕು.

ತಟ್ಟೆಗಳಲ್ಲಿದ್ದ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜವನ್ನು ಮಕ್ಕಳು ಚಮಚದಲ್ಲಿ ತೆಗೆದು ಪೊಟ್ಟಣ ಕಟ್ಟಿ ಒಬ್ಬರಿಗೊಬ್ಬರು ಬೀರಬೇಕು. ಈ ಹುಡುಗಿಗೆ ಕಷ್ಟವಾದೀತೆಂದು ನಾನೇ ಪೊಟ್ಟಣ ಕಟ್ಟಿ ಅವಳ ಮಡಿಲಲ್ಲಿಟ್ಟೆ. ಎಲ್ಲ ಮಕ್ಕಳೂ ಮೊದಲು ಅವಳಿಗೇ ಕೊಡಬೇಕೆಂದೂ ಹೇಳಿದೆ. ಮಡಿಲು ತುಂಬಿತು. ನನ್ನ ಮನಸ್ಸೂ ತುಂಬಿತು.

ಸಂಜೆ ಅಮ್ಮನ ಸೊಂಟವೇರಿ ಹೊರಟವಳು ತಿರುಗಿ ನೋಡಿ, "ಟೀಚರ್, ನಾನು ಯಾರಿಗೂ ಬೀರಲೇ ಇಲ್ಲ" ಅಂದಳು.

ನೋಡಿ, ಪಕ್ಕದ ಮನೆಯ ಎಳ್ಳಿಗಾಗಿ ನಾವ್ಯಾರೂ ಕಾದು ಕೂತಿರುವುದಿಲ್ಲ. ಅವರು ಕೊಡುತ್ತಾರೆ, ನಾವೂ ಕೊಡುತ್ತೇವೆ. ತೂಗಿದರೆ ಲೆಕ್ಕ ಸರಿಸಮ. ಆದರೂ ಬೀರುತ್ತೇವೆ, ಏಕೆಂದರೆ ಕೊಡುವುದರಲ್ಲಿ ಒಂದು ಅಂತಸ್ತಿದೆ. ಬರೀ ತೆಗೆದುಕೊಳ್ಳುವವಳನ್ನಾಗಿ ಕೂರಿಸಿದ್ದರಿಂದ ಆ ಮಗುವಿಗೆ ಹಬ್ಬದ ತಿಂಡಿ ಸಿಕ್ಕಿತು, ಹಬ್ಬ ಸಿಗಲಿಲ್ಲ. ಕರುಣೆಯೂ ಒಬ್ಬರನ್ನು ಹೊರಗಿಡಬಲ್ಲದು ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ.

ಮರುವರ್ಷ ಎಲ್ಲರೂ ಚಾಪೆಯ ಮೇಲೆ ಕೂತೆವು. ಪೊಟ್ಟಣದ ಬದಲು ಅಗಲ ಬಾಯಿಯ ಬಟ್ಟಲು; ಅದು ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಹಿಡಿತಕ್ಕೆ ಸಿಗಲೆಂದು ಚಮಚದ ಹಿಡಿಗೆ ಹಳೆ ಸೀರೆಯ ಚೂರು ಸುತ್ತಿದೆ. ದೃಷ್ಟಿ ಮಂದವಿದ್ದ ಹುಡುಗ ಮುಟ್ಟಿ, ಮೂಸಿ, ಯಾವ ತಟ್ಟೆಯಲ್ಲಿ ಏನಿದೆ ಎಂದು ಎಲ್ಲರಿಗಿಂತ ಮೊದಲು ಹೇಳಿದ. ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಇನ್ನೊಬ್ಬ ಹೊಸ್ತಿಲಲ್ಲೇ ಆಯಾ ಜೊತೆ ಕೂತಿದ್ದ. ಅವನನ್ನು ಎಳೆದು ತರಲಿಲ್ಲ. ಅವನ ಬಟ್ಟಲು ಅವನಿದ್ದಲ್ಲಿಗೇ ಹೋಯಿತು. ಸೇರಿಸಿಕೊಳ್ಳುವುದೇ ಬೇರೆ, ಎಳೆದು ಕೂರಿಸುವುದೇ ಬೇರೆ.

ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆ ಹಿಡಿಯಿತು. ಕೆಲವು ಮಕ್ಕಳು ಬೇಸತ್ತರು, ಒಬ್ಬ ಅತ್ತೂಬಿಟ್ಟ. ಅವನ ತಾಯಿ ಬಂದು, "ಒಬ್ಬಿಬ್ಬರಿಗೋಸ್ಕರ ಎಲ್ಲರನ್ನೂ ಕಾಯಿಸೋದು ನ್ಯಾಯವೇನ್ರೀ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅವರ ಮಗನೂ ಮಗುವೇ, ಅವನ ಹೊತ್ತೂ ಹೊತ್ತೇ. ಮುಂದಿನ ಸಲ ಬೇಗ ಮುಗಿಸಿದವರಿಗೆ ಕಬ್ಬಿನ ಚೂರು ಎಣಿಸುವ ಕೆಲಸ ಇಟ್ಟುಕೊಳ್ಳಬೇಕೆಂದುಕೊಂಡೆ. ಆದರೆ ಮನೆಯಲ್ಲಿ ಹಲ್ಲಿಲ್ಲದ ಅಜ್ಜಿಗೆ ಎಳ್ಳುಬೆಲ್ಲ ಕುಟ್ಟಿ ಕೊಡುತ್ತೇವಲ್ಲ, ಅದನ್ನು ಪಕ್ಷಪಾತ ಅನ್ನುತ್ತೇವೆಯೇ? ಎಲ್ಲರಿಗೂ ಒಂದೇ ಚಮಚ ಕೊಡುವುದು ಸುಲಭ, ಅಷ್ಟರಿಂದಲೇ ಅದು ಸಮಾನತೆ ಆಗದು. ಅಂದ ಹಾಗೆ ಆ ಬಟ್ಟೆ ಸುತ್ತಿದ ಚಮಚವನ್ನು ಇನ್ನೂ ಹಿಡಿತ ಬಾರದ ಚಿಕ್ಕ ಮಕ್ಕಳೆಲ್ಲ ತಮಗೂ ಬೇಕೆಂದು ಕೇಳಿ ಪಡೆದರು.

ಆಮೇಲೆ ಕಾಯ್ದೆಗಳು ಬಂದವು. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತು, 2016ರದ್ದು 21ನ್ನು. ನನ್ನ ಹೊಸ್ತಿಲ ಹುಡುಗನನ್ನು ಕಂಡಾಗ ನಾನು ಕೇಳಿಯೇ ಇರದ ಆಟಿಸಂ ಎಂಬ ಪದ ಈ ಎರಡನೆಯ ಪಟ್ಟಿಯಲ್ಲಿದೆ. ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಒಳ್ಳೆಯದೇ ಆಯಿತು. ಕಾಯ್ದೆ ಶಾಲೆಯ ಬಾಗಿಲು ತೆರೆಸುತ್ತದೆ. ಒಳಗೆ ಬಂದ ಮಗುವಿನ ಕೈಗೆ ಚಮಚ ಕೊಡುತ್ತೇವೋ, ಮಡಿಲಿಗೆ ಪೊಟ್ಟಣ ಹಾಕುತ್ತೇವೋ ಎಂಬುದು ಮಾತ್ರ ನಮಗೇ ಬಿಟ್ಟದ್ದು.

ಆ ಮರುವರ್ಷದ ದಿನ ಹುಡುಗಿ ಬಟ್ಟಲು ಎದೆಗವಚಿಕೊಂಡು ನನ್ನತ್ತ ತೆವಳಿ ಬಂದಳು. ಅರ್ಧ ಚಾಪೆಯ ಮೇಲೆ ಚೆಲ್ಲಿತ್ತು. ನನ್ನ ಅಂಗೈಗೆ ಬಿದ್ದದ್ದು ನಾಲ್ಕು ಕಾಳು ಎಳ್ಳು, ಒಂದು ಚೂರು ಬೆಲ್ಲ. "ಎಳ್ಳು... ಬೆಲ್ಲ... ತಿಂದು..." ಎಂದು ಶುರುಮಾಡಿದಳು. ಅವಳ ಮಾತನ್ನು ನಾನೇ ಮುಗಿಸಿಬಿಡುವುದು ನನ್ನ ಹಳೆಯ ಚಾಳಿ. ಅವತ್ತು ಬಾಯಿ ಮುಚ್ಚಿಕೊಂಡು, "ಒಳ್ಳೆ ಮಾತಾಡಿ" ಎಂದು ಅವಳೇ ಹೇಳಿ ಮುಗಿಸುವವರೆಗೆ ಕಾದೆ.