ಉಣ್ಣುವವರ ಆರೋಗ್ಯ, ಉಣಿಸುವವರ ಆರೋಗ್ಯ

ಏನನ್ನು ಉಣ್ಣಬೇಕೆಂಬ ಪ್ರಶ್ನೆಗೆ ಇಂದು ಉತ್ತರಗಳ ಬರವಿಲ್ಲ. ಜೋಳದ ರೊಟ್ಟಿ ಉಣ್ಣಿರಿ, ನವಣೆ-ಸಾವೆಗಳನ್ನು ಮರೆಯದಿರಿ, ಉಪ್ಪು-ಸಕ್ಕರೆ ಕಡಿಮೆ ಮಾಡಿರಿ, ಮನೆಯಲ್ಲಿಯೇ ಅಡಿಗೆ ಮಾಡಿರಿ, ದಿನಾಲು ನಡೆಯಿರಿ. ಇವುಗಳಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಇವೆಲ್ಲ ಉಣ್ಣುವವರನ್ನು ಕುರಿತ ಮಾತುಗಳು. ಉಣಿಸುವವರ ಮಾತು ಇವುಗಳಲ್ಲಿ ಎಲ್ಲಿದೆ? ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರು ಸವೆಯಬೇಕಾದರೆ ಆ ಆರೋಗ್ಯವನ್ನು ಧರ್ಮವೆನ್ನಬಹುದೇ?

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯನ್ನು ಕಂಡವರಿಗೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹಾನಗಲ್ಲಿನ ಕೆರೆಗಳ ಕೆಳಗೆ ಭತ್ತ, ಸವಣೂರಿನ ಕಡೆಗೆ ಜೋಳ, ಹಿರೇಕೆರೂರಿನ ಹೊಲಗಳಲ್ಲಿ ಈಗ ಮೆಕ್ಕೆಜೋಳ. ಮಲೆನಾಡಿನ ಅನ್ನವೂ ಬಯಲುನಾಡಿನ ರೊಟ್ಟಿಯೂ ಇಲ್ಲಿ ಒಂದೇ ತಾಟಿನಲ್ಲಿ ಕೂಡುತ್ತವೆ. ಯಾವ ಧಾನ್ಯ ಮೇಲೆಂಬ ವಾದವನ್ನೇ ಕಾವ್ಯವಾಗಿಸಿದ ಕನಕದಾಸರ ಹುಟ್ಟೂರಾದ ಬಾಡವೂ ಶಿಗ್ಗಾವಿ ತಾಲೂಕಿನದೇ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ಜಗಳ ಹತ್ತುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬರುವಾಗ ನೆಲ್ಲು ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಬಡವರ ಧಾನ್ಯಕ್ಕೆ ಮಾನ ತಂದ ಕಥೆ ಇದು. ವಿಶ್ವಸಂಸ್ಥೆಯು 2023ನ್ನು ರಾಗಿ, ಜೋಳ, ನವಣೆ ಮೊದಲಾದ ಧಾನ್ಯಗಳ ವರ್ಷವೆಂದು ಸಾರಿದಾಗ ಆ ಮಾನಕ್ಕೆ ಜಗತ್ತಿನ ಮುದ್ರೆಯೂ ಬಿದ್ದಿತು.

ಧಾನ್ಯಕ್ಕೇನೋ ಮಾನ ಬಂದಿತು. ಅದನ್ನು ಬೀಸಿದ, ಕುಟ್ಟಿದ, ಬಡಿದ ಕೈಗಳಿಗೆ ಬಂದಿತೇ? ಜೋಳದ ಹಿಟ್ಟಿಗೆ ಗೋದಿಹಿಟ್ಟಿನ ಜಿಗಿ ಇಲ್ಲ. ಕುದಿನೀರು ಬೆರೆಸಿ ನಾದಬೇಕು, ಹದವಾಗಿ ಬಡಿಯಬೇಕು, ಹಂಚಿಗೆ ಹಾಕಿ ನೀರು ಸವರಬೇಕು, ತಿರುವಿ ಉಬ್ಬಿಸಬೇಕು. ಒಂದು ರೊಟ್ಟಿಗೆ ಇಷ್ಟಾದರೆ ಐದಾರು ಜನರ ಮನೆಗೆ ಎಷ್ಟು? ಬಿಸಿರೊಟ್ಟಿ ಮೈಗೆ ಹಿತವೆಂದು ತಾಟಿನ ಮುಂದೆ ಕುಳಿತು ಹೇಳುವುದು ಸುಲಭ. ಒಲೆಯ ಮುಂದೆ ಕುಳಿತವಳಿಗೆ ಆ ಮಾತು ಇನ್ನೊಂದು ತಾಸಿನ ಬೆವರು. ಹಗಲೆಲ್ಲ ಹೊಲದಲ್ಲಿ ಕಳೆ ತೆಗೆದು ಬಂದವಳಿಗೆ ಬೇಕಾದುದು ವ್ಯಾಯಾಮವಲ್ಲ, ವಿಶ್ರಾಂತಿ. ನಡಿಗೆಯ ಉಪದೇಶ ಕುರ್ಚಿಯಲ್ಲಿ ಕುಳಿತು ದುಡಿಯುವವರಿಗೆ ಸರಿ. ಅದನ್ನೇ ಅವಳಿಗೆ ಹೇಳಿದರೆ ಅಣಕವಾದೀತು.

ಇನ್ನು ಊಟದ ಸರದಿ. ಗಂಡಸರು, ಮಕ್ಕಳು, ಬಂದವರು ಉಂಡ ಮೇಲೆ ಉಳಿದುದನ್ನು ಉಣ್ಣುವುದು ಅನೇಕ ಮನೆಗಳಲ್ಲಿ ಇಂದಿಗೂ ಹೆಂಗಸಿನ ಪಾಲು. ಇದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಆ ತ್ಯಾಗದ ಲೆಕ್ಕವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಅದು ಇದರ ಅರ್ಧಕ್ಕಿಂತಲೂ ಕಡಿಮೆ. ಮುಟ್ಟು, ಹೆರಿಗೆಗಳು ಇದಕ್ಕೆ ಕಾರಣವೆಂಬುದು ನಿಜ. ಆದರೆ ಹೆಚ್ಚು ಬೇಕಾದವಳಿಗೇ ಕಾಳು-ಪಲ್ಲೆ ಕಡಿಮೆ ಬಿದ್ದರೆ ಅದು ದೇಹದ ಗುಣವಲ್ಲ, ಮನೆಯ ನಡತೆ. ಬೇಡವೆನ್ನುವ ಹಕ್ಕಿದ್ದವರು ಬಿಟ್ಟುಕೊಟ್ಟರೆ ಅದು ತ್ಯಾಗ. ಆ ಹಕ್ಕೇ ಇಲ್ಲದವರಿಂದ ಪಡೆದುದಕ್ಕೆ ಬೇರೆ ಹೆಸರಿದೆ.

ಹಾಗಾದರೆ ಮನೆಯಡಿಗೆಯನ್ನು ಬಿಟ್ಟು ಪೇಟೆಯ ಕರಿದ ತಿನಿಸಿಗೆ ಮೊರೆಹೋಗಬೇಕೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ಸವಣೂರಿನ ಖಾರ ಎಷ್ಟೇ ರುಚಿಯಾದರೂ ಅದು ಸಂಜೆಯ ಚಹಕ್ಕೆ ಜೊತೆ, ಊಟವಲ್ಲ. ಬಿಡಬೇಕಾದುದು ಮನೆಯಡಿಗೆಯನ್ನಲ್ಲ, ಅದು ಒಬ್ಬಳ ಹಣೆಬರಹವೆಂಬ ಭಾವನೆಯನ್ನು. ಮಡಕಿ, ಹೆಸರು ನೆನೆಹಾಕಿ ಮೊಳಕೆ ಬರಿಸಲು, ಮೆಂತ್ಯೆ-ಪುಂಡಿಪಲ್ಲೆ ಸೋಸಲು ಹೆಣ್ಣುಕೈಯೇ ಬೇಕೆಂದಿಲ್ಲ. ಕಾಳಿನ ಮೇಲೆ ಲಿಂಬೆ ಹಿಂಡಿದರೆ ಅದರೊಳಗಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ, ಊಟದೊಡನೆ ಚಹ ಕುಡಿದರೆ ಕಡಿಮೆ ಹತ್ತುತ್ತದೆ. ಇದನ್ನು ಕಲಿತ ಗಂಡಸು ಮೊದಲ ಹೋಳು ಲಿಂಬೆಯನ್ನು ಯಾರ ತಾಟಿಗೆ ಹಿಂಡುತ್ತಾನೆಂಬುದೇ ಅವನ ಕಲಿಕೆಯ ಪರೀಕ್ಷೆ. ತಿಂಗಳುಗಟ್ಟಲೆ ಕೆಡದ ಕಟಕರೊಟ್ಟಿಯಲ್ಲಿಯೂ ಹಿರಿಯರ ಜಾಣತನವಿದೆ: ಒಂದು ದಿನದ ದುಡಿಮೆ ಹಲವು ದಿನಗಳ ಬಿಡುವು. ಇತ್ತೀಚೆಗೆ ಊರೂರಲ್ಲಿ ಹೆಂಗಸರು ರೊಟ್ಟಿ ಬಡಿದು ಮಾರುತ್ತಿದ್ದಾರೆ. ಕೊಂಡ ರೊಟ್ಟಿಯಲ್ಲಿ ತಾಯಿಯ ಪ್ರೀತಿ ಇರದೆಂದು ಕೆಲವರ ಕೊರಗು. ಇರಲಿಕ್ಕಿಲ್ಲ. ಆದರೆ ಅಲ್ಲಿ ದುಡಿಮೆಗೆ ಬೆಲೆಯುಂಟು. ಬೆಲೆಯನ್ನೂ ಬಿಡುವನ್ನೂ ಕೊಡದೆ ಪ್ರೀತಿಯನ್ನು ಮಾತ್ರ ಕೇಳುವುದು ಯಾವ ನ್ಯಾಯ?

ಮೈಯನ್ನು ಜೋಪಾನ ಮಾಡುವುದು ಕರ್ತವ್ಯವೇ, ಸಂದೇಹವಿಲ್ಲ. ಆದರೆ ಆ ಕರ್ತವ್ಯ ತನ್ನ ತಾಟಿನ ಅಂಚಿಗೆ ಮುಗಿಯುವುದಿಲ್ಲ. ಎಲ್ಲರೂ ಎದ್ದ ಮೇಲೆ ರೊಟ್ಟಿಬುಟ್ಟಿಯಲ್ಲಿ ಏನು ಉಳಿಯಿತು, ಯಾರಿಗಾಗಿ ಉಳಿಯಿತು ಎಂದು ಒಮ್ಮೆ ಇಣಿಕಿ ನೋಡಬೇಕು. ಉಳಿದ ಪಥ್ಯಗಳೆಲ್ಲ ಆಮೇಲಿನವು.