ಹೊಲ ಮೊದಲಿನಂತಾಗುವವರೆಗೆ



ಪವಿತ್ರ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯದಲ್ಲಿ ಒಂದು ವ್ಯಾಜ್ಯದ ಪ್ರಸ್ತಾಪವಿದೆ. ರಾತ್ರಿ ಹೊತ್ತು ಕುರಿಗಳು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇಯ್ದುಬಿಟ್ಟವು. ವ್ಯಾಖ್ಯಾನಕಾರರು ವಿವರಿಸುವಂತೆ, ಹಜ್ರತ್ ದಾವೂದ್(ಅ) ಆ ಕುರಿಗಳನ್ನೇ ಹೊಲದವನಿಗೆ ಕೊಡಿಸಿದರು. ಮಗ ಸುಲೈಮಾನ್(ಅ)ರಿಗೆ ಬೇರೆ ದಾರಿ ತೋಚಿತು. ಕುರಿಗಳು ಸದ್ಯ ಹೊಲದವನ ಬಳಿ ಇರಲಿ, ಹಾಲು, ಉಣ್ಣೆ ಅವನಿಗೆ ಸಲ್ಲಲಿ. ಕುರಿಯವನು ಹೊಲದಲ್ಲಿ ದುಡಿದು ಅದನ್ನು ಮೊದಲಿದ್ದ ಸ್ಥಿತಿಗೆ ತರಲಿ. ಆಮೇಲೆ ಅವರವರ ಸೊತ್ತು ಅವರವರಿಗೆ. ಈ ತಿಳಿವನ್ನು ಸುಲೈಮಾನ್(ಅ)ರಿಗೆ ನೀಡಿದವನು ಅಲ್ಲಾಹನೇ. ಕುರಿಯವನು ಬೇಕೆಂದೇ ಮೇಯಿಸಿದನೆಂದು ಎಲ್ಲೂ ಇಲ್ಲ. ಕಾಯಲಿಲ್ಲ, ಅಷ್ಟೇ. ಆದರೂ ಹೊಣೆ ಅವನದೇ ಆಯಿತು.

ಇದನ್ನು ಪಾಠ ಹೇಳುವಾಗಲೆಲ್ಲ ನನಗೆ ಪಾಲಾರ್ ನದಿ ನೆನಪಾಗುತ್ತದೆ. ನಮ್ಮ ನಂದಿ ಬೆಟ್ಟದ ಕಡೆ ಹುಟ್ಟಿ ತಮಿಳುನಾಡಿಗೆ ಸಾಗುವ ಈ ನದಿಯ ಹೆಸರಿನಲ್ಲೇ ಹಾಲಿದೆ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಚೆ ಅದಕ್ಕೂ ಸುತ್ತಲಿನ ನೆಲಕ್ಕೂ ಇಳಿಯಿತು. ಒಂದು ಕಿಲೋ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬೇಕು. ಅದು ಉಪ್ಪು, ಕ್ರೋಮಿಯಂ ಹೊತ್ತು ಹೊರಬರುತ್ತದೆ. ಸುಮಾರು 35 ಸಾವಿರ ಹೆಕ್ಟೇರ್ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಬೇಸಾಯಕ್ಕೆ ಬಾರದಾದ ಸಂಗತಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನಲ್ಲಿದೆ. ಮಲಿನಗೊಳಿಸಿದವನೇ ತೆರಬೇಕೆಂಬ ತತ್ವ ಈ ದೇಶದ ಕಾನೂನಿನ ಭಾಗವೆಂದು ಆ ತೀರ್ಪು ಸಾರಿತು. ನೊಂದವರಿಗೆ ಪರಿಹಾರ ಮಾತ್ರವಲ್ಲ, ಕೆಟ್ಟ ನೆಲ-ನೀರನ್ನು ಸರಿಪಡಿಸುವ ಖರ್ಚೂ ಅವನದೇ. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಹಣ ಕೊಟ್ಟ ಮಾತ್ರಕ್ಕೆ ಮುಗಿಯದು, ಹಾನಿ ಸರಿಹೋಗುವವರೆಗೂ ಹೊಣೆ ಉಳಿಯುತ್ತದೆ ಎಂದಿತು. ಸುಲೈಮಾನ್(ಅ)ರ ತೀರ್ಪಿಗೆ ಇದೆಷ್ಟು ಹತ್ತಿರ!

ಆ ಕಾರ್ಖಾನೆಗಳ ಮಾಲಿಕರಲ್ಲಿ ಬಹಳ ಮಂದಿ ನಮ್ಮವರೇ. ಮಸೀದಿ ಕಟ್ಟಿಸಿದವರು, ಕಾಲೇಜು ನಡೆಸಿದವರು, ರಮಝಾನಿನಲ್ಲಿ ಝಕಾತ್ ಹಂಚುವವರು. ಬರೆಯುವಾಗ ನನ್ನ ಕೈ ತಡೆಯುತ್ತದೆ. ನಾನು ಕಲಿತ ಮದ್ರಸದ ಅನ್ನಕ್ಕೂ ಬಕ್ರೀದಿನ ತೊಗಲು ಮಾರಿದ ಹಣ ಸೇರಿತ್ತು. ಆದರೆ ದಾನ ಬೇರೆ, ಸಾಲ ಬೇರೆ. ಪಕ್ಕದ ರೈತನ ಬಾವಿ ಕೆಡಿಸಿದವನು ಆ ರೈತನಿಗೆ ಸಾಲಗಾರ. ಆ ಸಾಲ ಊರ ಬಡವರಿಗೆ ಬಟ್ಟೆ ಹಂಚಿದರೆ ತೀರುವುದಿಲ್ಲ. ನಮಾಝ್, ಉಪವಾಸ, ಝಕಾತಿನೊಂದಿಗೆ ಬಂದರೂ, ಜನರ ಹಕ್ಕು ಕಸಿದ ಕಾರಣಕ್ಕೆ ಅಂತ್ಯದಿನದಂದು ದಿವಾಳಿಯಾಗುವವನ ಬಗ್ಗೆ ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಹೀಗೆ ವಸೂಲಿ ಮಾಡಿ ಕಾರ್ಖಾನೆ ಮುಚ್ಚಿದರೆ ಕೂಲಿಕಾರರ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸುಲೈಮಾನ್(ಅ)ರ ತೀರ್ಪಿನಲ್ಲೂ ಕುರಿಯವನು ಕುರಿಗಳನ್ನು ಶಾಶ್ವತವಾಗಿ ಕಳೆದುಕೊಳ್ಳಲಿಲ್ಲ. ಆದರೆ ಬಾಡಿಗೆ ಕೊಟ್ಟು ದಿನಾ ರಾತ್ರಿ ಮೇಯಿಸಿಕೋ ಎಂದೂ ಅವರು ಹೇಳಲಿಲ್ಲ. ದಂಡ ಕಟ್ಟಿ ಮತ್ತೆ ಕೊಳಚೆ ಬಿಡುವವರು ಇದನ್ನು ಗಮನಿಸಬೇಕು. ನೀರು ಶುದ್ಧೀಕರಿಸುವ ಖರ್ಚು ಚರ್ಮದ ಬೆಲೆಯಲ್ಲೇ ಸೇರಲಿ. ಚಪ್ಪಲಿಗೆ ನಾಲ್ಕು ಕಾಸು ಹೆಚ್ಚಾದರೆ ಕೊಳ್ಳುವ ನಾವು ಕೊಡೋಣ.

ನಮ್ಮ ಬೀದಿಯ ಮಾತೂ ಇದೆ. ನಿಮ್ಮ ಗ್ಯಾರೇಜಿನ ಎಣ್ಣೆಯೋ ಕೋಳಿ ಅಂಗಡಿಯ ಹೊಲಸೋ ಪಕ್ಕದವರ ಬಾವಿಗೆ ಇಳಿಯುತ್ತಿದ್ದರೆ, ಅವರು ಯಾವ ಮತದವರೇ ಆಗಿರಲಿ, ಮೊದಲು ಅದನ್ನು ನಿಲ್ಲಿಸಿ, ಆ ಮನೆಗೆ ಹೋಗಿ ನಷ್ಟ ಎಷ್ಟೆಂದು ಕೇಳಿ. ಹಜ್ಜಿಗೆ ಹೊರಡುವ ಮುನ್ನ ಸಾಲ ತೀರಿಸಬೇಕಾದವರ ಪಟ್ಟಿ ಬರೆಯುತ್ತೀರಲ್ಲ, ಅದರಲ್ಲಿ ಆ ಮನೆಯ ಹೆಸರನ್ನೂ ಸೇರಿಸಿ.